ಸಾವಿರದ ಒಂಬತ್ತು

ನಮ್ಮೂರಲ್ಲಿ ಪ್ರತಿ ಮನೆಯ ಒಲೆಯ ಪಕ್ಕದಲ್ಲೂ ಒಂದು ಚೊಂಬು ನೀರು ತುಂಬಿಟ್ಟಿರುತ್ತಾರೆ. ಕುಡಿಯುವುದಕ್ಕಲ್ಲ, ಕೈ ತೊಳೆಯುವುದಕ್ಕೂ ಅಲ್ಲ. ಅದಕ್ಕೆ ಮರ್ಯಾದೆ ಚೊಂಬು ಅಂತಲೇ ಹೆಸರು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ ಅತ್ತೆ ಮೊದಲು ತೋರಿಸುವುದು ಉಪ್ಪಿನ ಭರಣಿಯನ್ನಲ್ಲ, ಈ ಚೊಂಬನ್ನು. ನಮ್ಮಮ್ಮ ಚೆಲುವಾಜಮ್ಮನ ಚೊಂಬು ಹಿತ್ತಾಳೆಯದು, ಕಂಠದ ಹತ್ತಿರ ಒಂದು ನೆಗ್ಗು. ಅದನ್ನು ನಾನು ಈಗ ಅಟ್ಟದ ಮೇಲೆ ಎಸೆದಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ.

ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ಎಣಿಕೆ ಇದೆ. ಊರು ಶುರುವಾದಾಗಿನಿಂದ ಅದು ಒಂದರ ಹಿಂದೆ ಒಂದು ಸಾಲಾಗಿ ನಡೆದು ಬಂದಿದೆ. ನಿನ್ನೆ ಕೊನೆಗೆ ಹುಟ್ಟಿದವನ ಎಣಿಕೆಗೆ ಒಂದು ಸೇರಿಸಿದರೆ ಇವತ್ತು ಮೊದಲು ಹುಟ್ಟಿದವಳದು. ಹಾಲುಹಲ್ಲು ಬೀಳುವವರೆಗೆ ಅದು ಮೈಗೆ ಅಂಟುವುದಿಲ್ಲ. ಅಂಟಿತು ಅಂದರೆ ಮುಗಿಯಿತು, ಸಾಯುವವರೆಗೂ ಬಿಡುವುದಿಲ್ಲ. ಒಲೆ ಹೊತ್ತಿಸಿದವಳ ಎಣಿಕೆ ಒಂದು, ಒಲೆಯ ಹತ್ತಿರ ಬಂದವರ ಎಣಿಕೆ ಇನ್ನೊಂದು. ಎರಡನ್ನೂ ಶೇಷವಿಲ್ಲದೆ ಭಾಗಿಸುವ ಒಂದು ಪಾಲು ಇದ್ದರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತದೆ. ಒಂದರಿಂದ ಎಲ್ಲವೂ ಭಾಗವಾಗುತ್ತದಲ್ಲ ಅನ್ನಬೇಡಿ, ಅದನ್ನು ಬೆಂಕಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೀಪಕ್ಕೆ ಈ ಕಾಟವಿಲ್ಲ, ಬೀಡಿಗೂ ಇಲ್ಲ, ಅಡುಗೆಯ ಬೆಂಕಿಗೆ ಮಾತ್ರ. ಅಂಗಳದಲ್ಲಿ ಮೂರು ಕಲ್ಲಿಟ್ಟು ಹೊತ್ತಿಸಿದರೂ ಅಷ್ಟೇ. ಯಾಕೆ ಹೀಗೆ ಅಂದರೆ ನನಗೇನು ಗೊತ್ತು, ನಾನೇನು ಬೆಂಕಿಯನ್ನು ಹೆತ್ತವಳೇ?

ಹೆಚ್ಚಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಸಮ ಎಣಿಕೆಯವರಿಗೆ ಎರಡೇ ಸಾಕು, ಉಳಿದವರಿಗೆ ಮೂರೋ ಐದೋ ಏಳೋ ಎಲ್ಲಾದರೂ ಸಿಕ್ಕುತ್ತದೆ. ನನಗೂ ಅಮ್ಮನಿಗೂ ಇರುವುದು ಇಪ್ಪತ್ತಮೂರು. ನಾನು ಎದುರು ಮಾತಾಡಿದಾಗಲೆಲ್ಲ ಅಮ್ಮ, "ಇಪ್ಪತ್ಮೂರು ಒಂದು ಇಲ್ದೇ ಹೋಗಿದ್ರೆ ಇಷ್ಟೊತ್ತಿಗೆ ಯಾರ ಮನೆ ಒಲೆ ಊದ್ತಿದ್ದೆಯೋ" ಅನ್ನುತ್ತಿದ್ದಳು. ತಾಯಿಯ ಒಲೆಗೆ ಹೊಂದದ ಮಗುವನ್ನು ಅತ್ತೆಯದೋ ಪಕ್ಕದ ಬೀದಿಯದೋ ಹೊಂದುವ ಒಲೆಗೆ ಕಳಿಸುತ್ತಾರೆ, ಅಲ್ಲಿಂದ ಒಂದು ಇಲ್ಲಿಗೆ ಬರುತ್ತದೆ. ಸ್ವಲ್ಪ ದಿನ ಅಳು, ಆಮೇಲೆ ಎರಡು ಮನೆಯ ಮುದ್ದು. ಕಷ್ಟವೆಲ್ಲ ಒಂಟಿಗಳಿಗೆ. ಯಾವುದರಿಂದಲೂ ಒಡೆಯದ ಎಣಿಕೆಗೆ ನಮ್ಮಲ್ಲಿ ಒಂಟಿ ಅನ್ನುತ್ತಾರೆ. ಈಗಿನ ಒಂಟಿಗಳಿಗೆ ಹೊಂದುವವರು ಹುಟ್ಟಬೇಕಾದರೆ ಊರು ಇಲ್ಲಿಯವರೆಗೆ ಹೆತ್ತಷ್ಟನ್ನೇ ಇನ್ನೊಮ್ಮೆ ಹೆರಬೇಕು. ಅಲ್ಲಿಯವರೆಗೆ ಅವರಿಗೆ ಊರ ಕೊನೆಯಲ್ಲಿ ಒಂಟಿಬೀದಿ ಅಂತ ಒಂದಿದೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಒಲೆ.

ಒಂಟಿಗಳು ಯಾರ ಮನೆಗೂ ಬರಬಾರದು ಅಂತೇನಿಲ್ಲ. ನಮ್ಮ ಊರಿನವರು ಅಷ್ಟು ಕೆಟ್ಟವರಲ್ಲ. ಹಬ್ಬಕ್ಕೆ, ಹೆರಿಗೆಗೆ, ಸುಮ್ಮನೆ ಹರಟೆಗೂ ಬರುತ್ತಾರೆ. ಆದರೆ ಬಂದವರ ಮುಖ ಕಂಡು ಒಲೆ ತಾನಾಗಿ ಆರಿಹೋದರೆ ಅವರಿಗೆ ಎಂಥ ಅವಮಾನ! ಅದಕ್ಕೇ ಈ ಚೊಂಬು. ಒಂಟಿಗಳು ಬಾಗಿಲ ಹತ್ತಿರ ಬಂದು ಒಮ್ಮೆ ಕೆಮ್ಮುತ್ತಾರೆ. ಒಳಗಿದ್ದವಳು ತಕ್ಷಣ ಒಲೆಗೆ ನೀರು ಸುರಿದು, ಏನೂ ಆಗದವಳ ಹಾಗೆ, "ಬನ್ನಿ ಬನ್ನಿ, ಈಗ ತಾನೇ ಅಡುಗೆ ಮುಗೀತು" ಅನ್ನುತ್ತಾಳೆ. ಬಂದವರೂ ಹೊಗೆಯನ್ನು ನೋಡದವರ ಹಾಗೆ ಒಳಗೆ ಬರುತ್ತಾರೆ. ಎಲ್ಲರಿಗೂ ಎಲ್ಲವೂ ಗೊತ್ತು, ಆದರೂ ಹಾಗೇ ನಡೆದುಕೊಂಡು ಬಂದಿದೆ.

ನನ್ನ ಚಿಕ್ಕಮ್ಮ ದೇವೀರಮ್ಮ ಅಂಥ ಒಬ್ಬ ಒಂಟಿ. ಅಮ್ಮನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಅಮ್ಮನ ಎಣಿಕೆ ಹತ್ತು ಲಕ್ಷದ ಇಪ್ಪತ್ತೊಂದು ಸಾವಿರದ ನೂರ ಎಂಟು. ಅದು ಒಡೆಯುವುದಕ್ಕೆ ಹೇಳಿ ಮಾಡಿಸಿದ ಎಣಿಕೆ. ನಾಲ್ಕು, ಹನ್ನೊಂದು, ಇಪ್ಪತ್ತಮೂರು ತೆಗೆದರೆ ಕೊನೆಗೆ ಸಾವಿರದ ಒಂಬತ್ತು ಉಳಿಯುತ್ತದೆ. ಅಮ್ಮ ಚಿಕ್ಕಂದಿನಲ್ಲಿ ಇದನ್ನೇ ಹಾಡು ಮಾಡಿಕೊಂಡು ಕುಂಟಾಬಿಲ್ಲೆ ಆಡುತ್ತಿದ್ದಳಂತೆ. ನನ್ನನ್ನು ತೊಟ್ಟಿಲಲ್ಲಿ ತೂಗುವಾಗಲೂ ಅದೇ ಹಾಡು: "ನಾಕು, ಹನ್ನೊಂದು, ಇಪ್ಪತ್ಮೂರು, ಸಾವಿರದೊಂಬತ್ತೂ..." ನಮ್ಮ ಮನೆಯಲ್ಲಿ ಸಾವಿರದ ಒಂಬತ್ತು ಅಂದರೆ ನಿದ್ದೆ ಬರಿಸುವ ಸದ್ದು, ಅಷ್ಟೇ.

ಚಿಕ್ಕಮ್ಮನದು ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು. ಅವಳಿಗೆ ಮೊದಲ ಹಲ್ಲು ಬಿದ್ದ ಕೂಡಲೇ ಅಜ್ಜಿ ಇಬ್ಬರನ್ನೂ ಕರೆದುಕೊಂಡು ಒಡೆಯುವವರ ಚಾವಡಿಗೆ ಹೋದಳಂತೆ. ಎಣಿಕೆಗಳನ್ನು ಪಾಲು ಮಾಡಿ ನೋಡುವುದೇ ಅವರ ಕಸುಬು. ಆಗ ಅಲ್ಲಿ ಯಜಮಾನರಾಗಿದ್ದವರು ಈಗಿನ ಯಜಮಾನರಾದ ಶಂಭಯ್ಯನವರ ತಂದೆ. ಕೊನೆಯಲ್ಲಿ ಏಳು ಇದೆ, ಹಾಗಾಗಿ ಎರಡೂ ಇಲ್ಲ ಐದೂ ಇಲ್ಲ. ಅಂಕಿಗಳನ್ನು ಕೂಡಿದರೆ ಹದಿನಾಲ್ಕು, ಮೂರಕ್ಕೆ ಒಗ್ಗಲಿಲ್ಲ. ಏಳರಿಂದ ಭಾಗಿಸಿದರೆ ಐದು ಉಳಿಯಿತು, ಹದಿಮೂರರಿಂದ ಭಾಗಿಸಿದರೂ ಐದೇ ಉಳಿಯಿತು. ಅಜ್ಜಿ ಒಂದೊಂದು ಶೇಷಕ್ಕೂ ಒಂದೊಂದು ದೇವರಿಗೆ ಹರಕೆ ಹೊರುತ್ತಾ ಕೂತಿದ್ದಳು. ಸಾವಿರದೊಳಗೆ ಇರುವ ಒಂಟಿಗಳು ನೂರ ಅರವತ್ತೆಂಟು, ಅಷ್ಟರಿಂದಲೂ ಭಾಗಿಸಿ ನೋಡುವುದು ಪದ್ಧತಿ. ಮಾರನೆಯ ದಿನ ಸಂಜೆಯ ಹೊತ್ತಿಗೆ ಕೊನೆಯ ಒಂಬೈನೂರ ತೊಂಬತ್ತೇಳೂ ಬಂತು. ಅದಕ್ಕೂ ನೂರ ತೊಂಬತ್ತೆರಡು ಉಳಿಯಿತು. ಅವರು ಸ್ಲೇಟು ಒರೆಸಿ, "ಒಂಟಿ ಕಣಮ್ಮಾ" ಅಂದು ಎದ್ದರು. ಎರಡು ದಿನ ಕೂತು ಕೂತು ಸಾಕಾಗಿದ್ದ ಅಮ್ಮ, ಅದರ ಅರ್ಥ ಗೊತ್ತಿಲ್ಲದೆ, "ಹೈ! ಮುಗೀತು! ಮನೆಗೆ ಹೋಗೋಣ ಬಾರೇ" ಅಂತ ತಂಗಿಯ ಕೈ ಹಿಡಿದು ಕುಣಿದಳಂತೆ. ಈ ಮಾತನ್ನು ಅಮ್ಮ ತನ್ನ ಜೀವಮಾನದಲ್ಲಿ ಒಮ್ಮೆ ಮಾತ್ರ ನನಗೆ ಹೇಳಿದ್ದಾಳೆ.

ಅಲ್ಲಿಂದ ಚಿಕ್ಕಮ್ಮ ಒಂಟಿಬೀದಿಗೆ ಹೋದಳು. ಪಕ್ಕದ ಕೋಣೆಯ ಒಂಟಿ ಮುದುಕಿ ಕಿಟಕಿಯ ಆಚೆ ನಿಂತು ಅನ್ನ ಮಾಡುವುದನ್ನು ಹೇಳಿಕೊಟ್ಟಳಂತೆ. ಅಜ್ಜಿ ದಿನಾ ಹೋಗಿ ಅಂಗಳದಲ್ಲಿ ಕೂತು ತಲೆ ಬಾಚಿ, ಮುದ್ದು ಮಾಡಿ, ಅಡುಗೆಯ ಹೊತ್ತಾದ ಕೂಡಲೇ ಎದ್ದು ಬರುತ್ತಿದ್ದಳು. ಅಜ್ಜಿ ಹೋದ ಮೇಲೆ ಆ ಕೆಲಸ ಅಮ್ಮನಿಗೆ ಬಂತು. ಅಮ್ಮ ಬುತ್ತಿ ಒಯ್ಯುತ್ತಿದ್ದಳು, ಚಿಕ್ಕಮ್ಮ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಿದ್ದಳು. ಗೇಟಿನಲ್ಲಿ ಅವಳ ಕೆಮ್ಮು ಕೇಳಿತೋ ಇಲ್ಲವೋ, ಅಮ್ಮನ ಕೈ ಚೊಂಬಿನ ಮೇಲೆ. ಚೊಯ್ ಅಂತ ಸದ್ದು, ಬೂದಿಯ ವಾಸನೆ, ಆಮೇಲೆ "ಬಾರೇ ದೇವೀರಿ." ನನ್ನ ಪಾಲಿಗೆ ಚಿಕ್ಕಮ್ಮ ಅಂದರೆ ಒದ್ದೆ ಬೂದಿಯ ವಾಸನೆ. ಬೀದಿಯಲ್ಲಿ ಅಮ್ಮನಷ್ಟು ಚುರುಕಾಗಿ ಒಲೆ ಆರಿಸುವವರು ಇನ್ನೊಬ್ಬರಿರಲಿಲ್ಲ, ತಂಗಿಗೆ ಒಂದು ಕ್ಷಣವೂ ಬಾಗಿಲಲ್ಲಿ ಕಾಯುವ ಸಂಕಟ ಬೇಡ ಅಂತ.

ಅಮ್ಮನ ದೋಸೆ ನಮ್ಮ ಕಡೆ ಹೆಸರುವಾಸಿ. ಅಂಚು ಗರಿಗರಿ, ನಡುವೆ ಮೆತ್ತಗೆ. ಚಿಕ್ಕಮ್ಮ ಅದನ್ನು ಯಾವಾಗಲೂ ತಣ್ಣಗಾದ ಮೇಲೆ, ಚಕ್ಕಳದ ಹಾಗೆ ಆದ ಮೇಲೆ ತಿಂದವಳು. ಅವಳೇನು ದೂರುವವಳಲ್ಲ, ನಗುವವಳು. ಒಮ್ಮೆ ಯುಗಾದಿಗೆ ಬಂದಾಗ ದೋಸೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾ, "ಅಕ್ಕಾ, ಇದು ಕಾವಲಿ ಮೇಲೆ ಇದ್ದಾಗ ಹೆಂಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಕಣೆ. ನೀನು ಹುಯ್ದು ನನ್ನ ತಟ್ಟೆಗೆ ಹಾಕ್ಬೇಕು. ಒಂದೇ ಒಂದು. ಆಮೇಲೆ ಸತ್ರೂ ಚಿಂತೆಯಿಲ್ಲ" ಅಂದಳು. ಅಮ್ಮ, "ಹಬ್ಬದ ದಿನ ಸಾಯೋ ಮಾತಾಡ್ತೀಯಲ್ಲ, ನಾಲಿಗೆ ಕಿತ್ತಾಕ್ತೀನಿ" ಅಂತ ಬೈದು, ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದಳು.

ಇಬ್ಬರಿಗೂ ತಲೆ ಪೂರ್ತಿ ನೆರೆಯಿತು. ಹೋದ ಮಳೆಗಾಲದಲ್ಲಿ ಒಂಟಿಬೀದಿಯ ದ್ಯಾವಣ್ಣನಿಗೆ ಜ್ವರ ಬಂತು. ದ್ಯಾವಣ್ಣ ಚಿಕ್ಕಮ್ಮನ ಎದುರು ಕೋಣೆಯವನು, ಅವಳಿಗಿಂತ ಎಂಟು ವರ್ಷಕ್ಕೆ ದೊಡ್ಡವನು. ಇಬ್ಬರೂ ತಮ್ಮ ತಮ್ಮ ಹೊಸಿಲ ಮೇಲೆ ಕೂತು ಬೀದಿಯ ಅಗಲಕ್ಕೂ ಕೂಗಾಡಿಕೊಂಡು ಜಗಳ ಕಾಯುತ್ತಾ ಎಷ್ಟೋ ಕಾಲ ಕಳೆದವರು. ಆ ದಿನ ಬೆಳಿಗ್ಗೆ ಅವನ ಬಾಗಿಲಿಂದ ಹೊಗೆ ಬರುತ್ತಿತ್ತು, ಕೂಗಿದರೆ ಉತ್ತರವಿಲ್ಲ. ಚಿಕ್ಕಮ್ಮ ಕೆಮ್ಮಿದಳು, ಮತ್ತೆ ಕೆಮ್ಮಿದಳು, ಕೊನೆಗೆ ನುಗ್ಗಿದಳು. ಅವನು ನೆಲದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಒಲೆ ಆರಿಸೋಣವೆಂದರೆ ಒಂಟಿಗಳ ಮನೆಯಲ್ಲಿ ಮರ್ಯಾದೆ ಚೊಂಬು ಎಲ್ಲಿರುತ್ತದೆ? ಅಲ್ಲಿಗೆ ಬರುವವರಾದರೂ ಯಾರು? ಇನ್ನೇನು ಆರುತ್ತದೆ ಅಂತ ಅವಳು ಕಣ್ಣು ಮುಚ್ಚಿ ನಿಂತಳಂತೆ. ಕಣ್ಣು ತೆರೆದಾಗ ಗಂಜಿ ಇನ್ನೂ ಕುದಿಯುತ್ತಿತ್ತು. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಬಿಸಿ ಗಂಜಿ ಕುಡಿಸಿದಳು. ಸೌದೆ ಮುಗಿಯುವವರೆಗೂ ಒಲೆ ಉರಿಯಿತು.

ಚಾವಡಿಗೆ ಹೋಗಿ ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. "ಜ್ವರ ಅವನಿಗೋ ನಿನಗೋ?" ಅಂದರಂತೆ. ಶಂಭಯ್ಯನವರು ಮಾತ್ರ ನಗದೆ ಸ್ಲೇಟು ತೆಗೆದರು. ಎರಡು ಎಣಿಕೆಗಳನ್ನೂ ಭಾಗಿಸುವ ಪಾಲು ಅವುಗಳ ಅಂತರವನ್ನೂ ಭಾಗಿಸಲೇಬೇಕು, ಇದು ನಮ್ಮೂರಲ್ಲಿ ಚಡ್ಡಿ ಹಾಕದ ಮಕ್ಕಳಿಗೂ ಗೊತ್ತು. ಆದರೆ ಒಂಟಿಯದನ್ನು ಇನ್ನೊಬ್ಬರದರಿಂದ ಕಳೆದು ನೋಡುವ ಪದ್ಧತಿ ಇಲ್ಲ. ಹುಣ್ಣನ್ನು ಕೆರೆದ ಹಾಗೆ ಅಂತ ಬಿಟ್ಟುಬಿಡುತ್ತಾರೆ. ಅವರು ಕಳೆದರು. ದ್ಯಾವಣ್ಣನದು ಹತ್ತು ಲಕ್ಷದ ಹದಿನೆಂಟು ಸಾವಿರದ ಎಂಬತ್ತೊಂದು. ಅಂತರ ನಾಲ್ಕು ಸಾವಿರದ ಮೂವತ್ತಾರು ಬಂತು. ಅದರಿಂದ ನಾಲ್ಕು ತೆಗೆದರೆ ಸಾವಿರದ ಒಂಬತ್ತು. ಅದರಿಂದ ದ್ಯಾವಣ್ಣನ ಎಣಿಕೆಯನ್ನು ಭಾಗಿಸಿದರು, ಸರಿಯಾಗಿ ಸಾವಿರದ ಒಂಬತ್ತು ಸಲ ಹೋಯಿತು. ಚಿಕ್ಕಮ್ಮನದನ್ನು ಭಾಗಿಸಿದರು, ಸಾವಿರದ ಹದಿಮೂರು ಸಲ ಹೋಯಿತು. ಶೇಷ ಸೊನ್ನೆ. ಅಳಿಸಿ ಅಳಿಸಿ ಮಾಡಿದರೂ ಸೊನ್ನೆ.

ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷ. ಹತ್ತು ಲಕ್ಷದೊಳಗಿನ ಎಣಿಕೆ ಎರಡಾಗಿ ಒಡೆದರೆ ಚಿಕ್ಕ ಪಾಲು ಸಾವಿರ ದಾಟುವ ಹಾಗೇ ಇಲ್ಲ. ಎರಡೂ ದಾಟಿದರೆ ಹತ್ತು ಲಕ್ಷವೂ ದಾಟಿಹೋಗುತ್ತದಲ್ಲ. ಅದಕ್ಕೇ ಯಾರೋ ಹಿರಿಯರು, ಸಾವಿರದವರೆಗೆ ನೋಡಿ ಸಾಕು ಅಂದಿದ್ದರು. ಸರಿಯಾಗೇ ಹೇಳಿದ್ದರು. ಕಾಲ ಹೋದಂತೆ ಕಾರಣ ಮರೆತುಹೋಯಿತು, ಸಾವಿರ ಮಾತ್ರ ಉಳಿಯಿತು. ನಮ್ಮ ಮುತ್ತಜ್ಜಿಯ ಕಾಲದಲ್ಲಿ ಹತ್ತು ಲಕ್ಷದ ಮಗು ಹುಟ್ಟಿದಾಗ ಊರೆಲ್ಲ ತೋರಣ ಕಟ್ಟಿ, ಓಲಗ ಊದಿಸಿ, ಬೂಂದಿ ಹಂಚಿದರಂತೆ. ಇನ್ನು ಮೇಲೆ ಸಾವಿರದವರೆಗೆ ನೋಡಿದರೆ ಸಾಲದು ಅಂತ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಬೂಂದಿ ತಿಂದು ಕೈ ತೊಳೆದರು. ಒಂಬೈನೂರ ತೊಂಬತ್ತೇಳು ಆದ ಮೇಲೆ ಬರುವ ಒಂಟಿ ಯಾವುದು ಗೊತ್ತೇ? ಸಾವಿರದ ಒಂಬತ್ತು. ಆ ಸಂಜೆ ಶಂಭಯ್ಯನವರ ತಂದೆ ಸ್ಲೇಟು ಒರೆಸುವ ಮೊದಲು ಇನ್ನೊಂದು, ಒಂದೇ ಒಂದು ಭಾಗಾಕಾರ ಮಾಡಿದ್ದರೆ ಸಾಕಾಗಿತ್ತು. ಬುದ್ಧಿವಂತರಪ್ಪಾ!

ಶಂಭಯ್ಯನವರು ತಾವೇ ನಮ್ಮ ಮನೆಗೆ ಬಂದರು. ಜಗುಲಿಗೆ ಬನ್ನಿ ಅಂದರೂ ಬಾರದೆ ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಕೇಳಿದಳು.

"ಹಂಗಾದ್ರೆ ನನಗೂ ಅವಳಿಗೂ?" ಅಂದಳು.

"ನಿಮ್ಮಲ್ಲೂ ಅದೇ ಇದೆಯಲ್ಲ ತಾಯಿ, ಕೊನೇದು. ನಿಮ್ಮಿಬ್ಬರ ಅಂತರ ತೆಗೆದರೂ ಅದೇ, ಸಾವಿರದ ಒಂಬತ್ತು. ನಿಮ್ಮ ಒಲೆ ಅವರಿಗೆ ಯಾವತ್ತೂ ಆರ್ತಿರಲಿಲ್ಲ. ನಮ್ಮ ತಂದೆಯವರಿಂದ ತಪ್ಪಾಗಿಹೋಯ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಒಂದು ಭಾಗಾಕಾರ ಜಾಸ್ತಿ ಮಾಡಿದ್ರೆ ನಿಮ್ಮಪ್ಪನ ಕೈ ಸವೆದುಹೋಗ್ತಿತ್ತೇನ್ರೀ?" ಅಂದೆ. ಅವರು ತಲೆ ತಗ್ಗಿಸಿದರು.

"ಸುಮ್ನಿರೇ," ಅಂದಳು ಅಮ್ಮ. "ಅವರಪ್ಪ ತಪ್ಪಿದ್ದು ಒಂದು ದಿನ. ನೀರು ಹಾಕಿದವಳು ನಾನು." ಮೊರವನ್ನು ಪಕ್ಕಕ್ಕಿಟ್ಟಳು. "ಒಂದು ಸಲ, ಒಂದೇ ಸಲ ಮೈಮರೆತು ಕೂತಿದ್ದಿದ್ರೆ ಗೊತ್ತಾಗ್ತಿತ್ತಲ್ಲೇ. ಚೊಂಬಲ್ಲಿ ನೀರು ಇಲ್ದೇ ಹೋಗಿದ್ರೆ ಗೊತ್ತಾಗ್ತಿತ್ತು. ಒಂದು ದಿನಾನೂ ಖಾಲಿ ಬಿಡ್ಲಿಲ್ಲ ನಾನು. ಎಷ್ಟು ಒಳ್ಳೆಯವಳು ನೋಡು ನಾನು, ಎಷ್ಟು ಮರ್ಯಾದಸ್ತೆ."

ಶಂಭಯ್ಯನವರು ಹೊರಟುಹೋದರು. ಅಮ್ಮ ಅಳಲಿಲ್ಲ. ಚಪ್ಪಲಿ ಮೆಟ್ಟಿ ನೇರವಾಗಿ ಒಂಟಿಬೀದಿಗೆ ನಡೆದಳು, ನಾನೂ ಹಿಂದೆ ಓಡಿದೆ. ಚಿಕ್ಕಮ್ಮ ಹೊಸಿಲ ಮೇಲೆ ಕೂತು, ಚೇತರಿಸಿಕೊಂಡಿದ್ದ ದ್ಯಾವಣ್ಣನಿಗೆ ಕಷಾಯ ಕುಡಿಯುವುದಿಲ್ಲ ಅಂತ ಬೈಯುತ್ತಿದ್ದಳು. ಅಕ್ಕನನ್ನು ಕಂಡು ಎದ್ದಳು. ಅಮ್ಮ ಏನೋ ಹೇಳಲು ಹೋದಳು, ಬಾಯಿಂದ ಬಂದದ್ದು ಮಾತ್ರ, "ದೋಸೆಗೆ ಹಾಕ್ತೀನಿ. ನಾಳಿದ್ದು ಬೆಳಿಗ್ಗೆ ಬಾ."

"ಚಟ್ನಿ?" ಅಂದಳು ಚಿಕ್ಕಮ್ಮ.

"ಮಾಡ್ತೀನಿ, ಬಾರೇ."

"ಕಾಯಿದು ಮಾಡು. ಹುರಿಗಡಲೆ ಬೇಡ." ಅಷ್ಟು ಹೇಳಿ ಅಕ್ಕನ ಹೆಗಲ ಮೇಲೆ ಹಣೆಯಿಟ್ಟು ಹೋ ಎಂದು ಅತ್ತಳು. ನಾನು ಚಿಕ್ಕಮ್ಮ ಅತ್ತದ್ದನ್ನು ಕಂಡದ್ದು ಅದೇ ಮೊದಲು.

ಅಮ್ಮ ಅಕ್ಕಿಯನ್ನು ಮತ್ತೆ ಮತ್ತೆ ತೊಳೆದಳು. ಹಿಟ್ಟನ್ನು ಒರಳಿನಲ್ಲೇ ರುಬ್ಬಿದಳು, ನನ್ನನ್ನು ಮುಟ್ಟಗೊಡಲಿಲ್ಲ. ಒಣಗಿದ ಹುಣಸೆ ಸೌದೆಯನ್ನೇ ಆರಿಸಿ ಇಟ್ಟಳು. ಆ ಬೆಳಿಗ್ಗೆ ಮಿಂದು, ಒಲೆಯನ್ನು ಸಾರಿಸಿ, ತಾನೇ ಹೊತ್ತಿಸಿದಳು. ಕಾವಲಿ ಕಾದಿತ್ತು. ಈರುಳ್ಳಿಯ ಅರ್ಧ ಹೋಳನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜಿದಳು. ಅಷ್ಟರಲ್ಲಿ ಗೇಟು ಕಿರ್ ಎಂದಿತು. ಹೊರಗಿನಿಂದ ಚಿಕ್ಕಮ್ಮ ಕೆಮ್ಮಿದಳು.

ನಾನು ಅಲ್ಲೇ ಪಕ್ಕದಲ್ಲಿ ತಟ್ಟೆ ಒರೆಸುತ್ತಿದ್ದೆ. ಆದರೂ ತಡೆಯಲಾಗಲಿಲ್ಲ. ಅಮ್ಮನ ಕೈ ಚೊಂಬಿಗೆ ಹೋಯಿತು, ಎತ್ತಿತು, ಸುರಿಯಿತು. ಚೊಯ್ ಅಂತು. ಹೊಗೆ ತೊಲೆಯವರೆಗೂ ಎದ್ದಿತು. ಅಮ್ಮ ಖಾಲಿ ಚೊಂಬು ಹಿಡಿದು ಆ ಹೊಗೆಯೊಳಗೆ ನಿಂತಿದ್ದಳು. "ಬಾರೇ ದೇವೀರಿ" ಅನ್ನುವುದಕ್ಕೆ ತೆರೆದ ಬಾಯಿ ಹಾಗೇ ಇತ್ತು. ಬಾಗಿಲಲ್ಲಿ ಚಿಕ್ಕಮ್ಮ ಬಂದು ನಿಂತಳು. ಅಯ್ಯೋ, ಆ ಹೊತ್ತಿನ ನಮ್ಮಮ್ಮನ ಮುಖ ಯಾವ ಶತ್ರುವಿನ ಕಣ್ಣಿಗೂ ಬೀಳಬಾರದು.

"ನಾನೂ ಕೆಮ್ಮಿಬಿಟ್ಟೆ ನೋಡು," ಅಂದಳು ಚಿಕ್ಕಮ್ಮ ಮೆಲ್ಲಗೆ. "ಬಿಡು ಅಕ್ಕಾ. ಇನ್ನೊಂದ್ಸಲ ಹೊತ್ತಿಸು."

ಚೊಂಬನ್ನು ನಾನು ಕಿತ್ತುಕೊಂಡೆ. ಒದ್ದೆ ಸೌದೆಯನ್ನು ಹೊರಗೆಳೆದು, ಬೂದಿ ಬಾಚಿ, ಹೊಸ ಸೌದೆಯನ್ನೂ ತೆಂಗಿನ ಗರಟವನ್ನೂ ಒಟ್ಟಿದೆವು. ಅಮ್ಮನೇ ಕಡ್ಡಿ ಗೀರಿದಳು. ಕಡ್ಡಿಗಳು ಒಂದಾದ ಮೇಲೊಂದು ಆರಿಹೋಗುತ್ತಿದ್ದವು. ಕೊನೆಗೆ ಹೊತ್ತಿಕೊಂಡಿತು. ಚಿಕ್ಕಮ್ಮ ಒಲೆಯ ಮುಂದೆಯೇ ಮಣೆ ಎಳೆದುಕೊಂಡು, ಹಾಲುಹಲ್ಲಿನ ಕಾಲದಲ್ಲಿ ಕೂರುತ್ತಿದ್ದ ಜಾಗದಲ್ಲೇ ಕೂತಳು. ಬೆಂಕಿಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಒಲೆ ಉರಿಯುತ್ತಲೇ ಇತ್ತು.

ಅಮ್ಮ ಹಿಟ್ಟು ಹುಯ್ದಳು, ಹರವಿದಳು, ಮಗುಚಿದಳು, ತಟ್ಟೆಗೆ ಹಾಕಿದಳು. ಚಿಕ್ಕಮ್ಮ ತುದಿ ಮುರಿದು, ಬೆರಳು ಸುಟ್ಟುಕೊಂಡು, ಊದಿ ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಚಟ್ನಿಯನ್ನು ಮುಟ್ಟಲೇ ಇಲ್ಲ. ಆಮೇಲೆ ಒಲೆಯನ್ನು ನೋಡಿ, ಅಕ್ಕನನ್ನು ನೋಡಿ, "ಇಷ್ಟೇನಾ ಅಕ್ಕಾ?" ಅಂದಳು. "ಇಷ್ಟು ಸುಲಭವಾಗಿತ್ತಾ?"

ಅಮ್ಮ ಮತ್ತೆ ಸೌಟು ಎತ್ತಿಕೊಂಡಳು. ಇನ್ನೊಂದು ಹುಯ್ದಳು. ಅದು ಆದ ಮೇಲೆ ಮತ್ತೊಂದು. "ಇನ್ಮೇಲೆ ಇಲ್ಲೇ ಇರು" ಅಂತ ಅಮ್ಮ ಅಂದದ್ದಕ್ಕೆ ಚಿಕ್ಕಮ್ಮ, "ಆ ಮುದುಕನಿಗೆ ಗಂಜಿ ಯಾರು ಕಾಯಿಸ್ತಾರೆ? ಬಂದು ಹೋಗಿ ಮಾಡ್ತೀನಿ" ಅಂದಳು. ಅವಳಿಗೆ ಹೊಟ್ಟೆ ತುಂಬಿತು, ಸಾಕು ಅಂದಳು, ಆದರೂ ಅಮ್ಮ ಹುಯ್ಯುತ್ತಲೇ ಇದ್ದಳು. ನಾನು ಅಮ್ಮನನ್ನು ನೋಡಿದೆ. ಅವಳು ದೋಸೆಯನ್ನೂ ನೋಡುತ್ತಿರಲಿಲ್ಲ, ತಂಗಿಯನ್ನೂ ನೋಡುತ್ತಿರಲಿಲ್ಲ. ಕಾವಲಿಯ ಕೆಳಗಿನ ಬೆಂಕಿಯನ್ನೇ ನೋಡುತ್ತಿದ್ದಳು. ಸೌದೆ ಚಟ್ ಅಂದಾಗಲೆಲ್ಲ, ಉರಿ ಒಂದಿಷ್ಟು ತಗ್ಗಿದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದಳು. ನನಗೆ ಮೊದಲು ಅರ್ಥವಾಗಲಿಲ್ಲ, ಆರಿಬಿಟ್ಟೀತೆಂದು ಹೆದರಿದ್ದಾಳೆ ಅಂದುಕೊಂಡೆ. ಆಮೇಲೆ ತಿಳಿಯಿತು. ನನ್ನಮ್ಮ ಅದು ಆರಲಿ ಅಂತ ಕಾಯುತ್ತಿದ್ದಳು. ಒಂದೇ ಒಂದು ಸಲ ತಾನಾಗಿ ಆರಿಬಿಟ್ಟರೆ, ಸುರಿದ ಅಷ್ಟೂ ನೀರಿಗೆ ಒಂದು ಅರ್ಥ ಉಳಿಯುತ್ತಿತ್ತು.

ಹಿಟ್ಟು ಮುಗಿಯಿತು. ಅಮ್ಮ ಸೌಟನ್ನು ಕೆಳಗಿಟ್ಟು ಒಲೆಯ ಮುಂದೆ ಕುಸಿದು ಕೂತಳು. ಚಿಕ್ಕಮ್ಮ ಪಕ್ಕಕ್ಕೆ ಸರಿದು ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಒಲೆ ಆರಲಿಲ್ಲ.